ಬೇಸ್‌ಮೆಂಟಿನಲ್ಲಿ 48 ಗಂಟೆ

ಅಮೆರಿಕದಲ್ಲಿ ಮನೆ ಕೊಳ್ಳುವಾಗ ಅದನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಕೊಡುವ ಪಟ್ಟಿಯಲ್ಲಿ ಚಾವಣಿ, ಮನೆ ಬಿಸಿ ಮಾಡುವ ಫರ್ನೇಸ್, ಗೆದ್ದಲು ಎಂಬ ಸಾಲುಗಳ ಕೆಳಗೆ ರೇಡಾನ್ ಅನಿಲದ ಪರೀಕ್ಷೆ ಅಂತ ಒಂದು ಸಾಲಿರುತ್ತದೆ. ಅದಕ್ಕೆ ಬೇರೆ ದುಡ್ಡು. ವರ್ಷವಿಡೀ ಕಿಟಕಿ ತೆರೆದಿಟ್ಟ, ಬೇಸ್‌ಮೆಂಟೇ ಇಲ್ಲದ ಮನೆಗಳಲ್ಲಿ ಬೆಳೆದ ನಮ್ಮವರು ನ್ಯೂಜೆರ್ಸಿಗೋ ಇಲಿನಾಯ್‌ಗೋ ಹೋಗಿ ನೆಲೆಸಿದಾಗ ಈ ಸಾಲನ್ನು ಹೊಡೆದುಹಾಕುವುದುಂಟು. ಆ ಉಳಿತಾಯ ಬೇಡ.

ಮಣ್ಣು, ಬಂಡೆಯಲ್ಲಿರುವ ಯುರೇನಿಯಂ ವಿಕಿರಣ ಸೂಸಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅನಿಲವೇನೋ ಉಸಿರಲ್ಲಿ ಬಂದು ಬಹುಪಾಲು ಉಸಿರಲ್ಲೇ ಹೋಗುತ್ತದೆ. ತೊಂದರೆ ಅದರ ಸಂತಾನದ್ದು: ರೇಡಾನ್ ಕ್ಷಯಿಸಿ ಆಗುವ ಪೊಲೋನಿಯಂ ಶ್ವಾಸನಾಳದ ಗೋಡೆಗೆ ಅಂಟಿ, ಅಲ್ಲೇ ಜೀವಕೋಶಕ್ಕೆ ಹಾನಿ ಮಾಡುವ ವಿಕಿರಣವನ್ನು, ಅಂದರೆ ಆಲ್ಫಾ ಕಣ ಹಾರಿಸುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಶ್ವಾಸಕೋಶ ಕ್ಯಾನ್ಸರ್ ಸಾವುಗಳಿಗೆ ಇದು ಕಾರಣ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಅಂದಾಜು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು.

ಚಳಿಗಾಲದಲ್ಲಿ ಮನೆಯ ಬಿಸಿಗಾಳಿ ಮೇಲೇರಿ ಚಾವಣಿಯ ಸಂದುಗಳಿಂದ ಹೊರಬೀಳುತ್ತದೆ. ಆಗ ಕೆಳಗೆ ಒತ್ತಡ ಇಳಿದು, ಕಾಂಕ್ರೀಟಿನ ಬಿರುಕು, ನೆಲದಡಿಯ ನೀರು ಬಸಿದು ಸೇರುವ ಸಂಪ್ ಗುಂಡಿ, ಪೈಪಿನ ಸುತ್ತಲಿನ ಸಂದುಗಳಿಂದ ಮನೆ ಮಣ್ಣಿನ ಗಾಳಿಯನ್ನು ಹೀರಿಕೊಳ್ಳುತ್ತದೆ. ಈ ಬಿರುಕು, ಸಂದುಗಳು ಮನೆಯಿಂದ ಮನೆಗೆ ಬೇರೆ. ಹೀಗಾಗಿ ಪಕ್ಕದ ಮನೆಯ ಅಂಕಿ ನಿಮ್ಮ ಮನೆಗೆ ಲೆಕ್ಕಕ್ಕಿಲ್ಲ. (ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಅನುಮಾನಿಸುವವರಿದ್ದಾರೆ. ನೆಲದಡಿಯಿಂದ ಬರುವುದರ ಮುಂದೆ ಅದರ ಪಾಲು ಸಾಮಾನ್ಯವಾಗಿ ತೀರ ಅಲ್ಪ.)

ಮನೆ ಕೊಳ್ಳುವ ಒಪ್ಪಂದದ ಗಡುವಿನೊಳಗೆ ಆಗುವುದು ಅಲ್ಪಾವಧಿ ಪರೀಕ್ಷೆ ಮಾತ್ರ, ಕನಿಷ್ಠ 48 ಗಂಟೆಯದು. ಶುರುವಾಗುವ 12 ಗಂಟೆ ಮೊದಲಿನಿಂದ ಮುಗಿಯುವವರೆಗೂ ಎಲ್ಲ ಮಹಡಿಗಳ ಕಿಟಕಿ ಮುಚ್ಚಿರಬೇಕು. ಬಾಗಿಲು ತೆರೆದರೂ ಓಡಾಟಕ್ಕಷ್ಟೆ. ಹೀಟರ್, ಎಸಿ ಎಂದಿನಂತೆ ಓಡಲಿ, ಆದರೆ ಹೊರಗಾಳಿ ಎಳೆಯುವ ವಿಂಡೋ ಫ್ಯಾನ್ ಬೇಡ. ಉಪಕರಣವನ್ನು ವಾಸಕ್ಕೆ ಬಳಸಬಹುದಾದ ಅತಿ ಕೆಳಗಿನ ಮಹಡಿಯಲ್ಲಿ, ನೆಲದಿಂದ 20 ಇಂಚು ಮೇಲೆ, ಕಿಟಕಿ ಬಾಗಿಲುಗಳಿಂದ 3 ಅಡಿ ದೂರದಲ್ಲಿ ಇಡಬೇಕು. ಅಡುಗೆಮನೆ, ಬಚ್ಚಲುಮನೆ ಸಲ್ಲ: ಪರೀಕ್ಷೆಗೆ ಬಳಸುವ, ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಡಬ್ಬಿ ತೇವವನ್ನೂ ಹೀರಿ ಲೆಕ್ಕ ಕೆಡಿಸುತ್ತದೆ. ಈ ಡಬ್ಬಿಗಳನ್ನು ಎರಡು ಜೊತೆಯಾಗಿಟ್ಟು ಸರಾಸರಿ ತೆಗೆಯುವುದು ರೂಢಿ. ಮುಗಿದ ಕೂಡಲೇ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ರೇಡಾನ್‌ನ ಅರ್ಧಾಯುಷ್ಯ 3.8 ದಿನ. ಡಬ್ಬಿ ಕಾರಿನ ಡಿಕ್ಕಿಯಲ್ಲೇ ನಾಲ್ಕು ದಿನ ಕೂತರೆ ಅಳೆಯಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಮಾರುವವರು ಇನ್ನೂ ಆ ಮನೆಯಲ್ಲೇ ಇದ್ದರೆ ಡಬ್ಬಿಗಿಂತ ಕಂಟಿನ್ಯುಯಸ್ ಮಾನಿಟರ್ ವಾಸಿ. ಅದು ಗಂಟೆಗೊಂದು ಅಂಕಿ ಬರೆದಿಡುತ್ತದೆ. ಹಲವು ಮಾದರಿಗಳು ತಾಪಮಾನ, ತೇವಾಂಶ, ಅಲುಗಾಟವನ್ನೂ ದಾಖಲಿಸುತ್ತವೆ. ರಾತ್ರಿ ಯಾರೋ ಕಿಟಕಿ ತೆರೆದರೆ ರೇಡಾನೂ ತಾಪಮಾನವೂ ಒಟ್ಟಿಗೆ ಕುಸಿದದ್ದು ಗ್ರಾಫಿನಲ್ಲಿ ಎದ್ದು ಕಾಣುತ್ತದೆ. ಸರಾಸರಿ ಮಾತ್ರ ಸಾಲದು, ಗಂಟೆಗಂಟೆಯ ಹಾಳೆಯನ್ನೇ ಕೇಳಿ ಪಡೆಯಿರಿ. ಬಿರುಗಾಳಿ ಮುನ್ಸೂಚನೆ ಇದ್ದರೆ ಪರೀಕ್ಷೆ ಮುಂದೂಡಿ.

ಗಾಳಿಯ ಪ್ರತಿ ಲೀಟರಿಗೆ 4 ಪೈಕೋಕ್ಯೂರಿ (ವಿಕಿರಣಶೀಲತೆಯ ಅಳತೆ) ಅಥವಾ ಹೆಚ್ಚು ಬಂದರೆ ಸರಿಪಡಿಸಿ ಎನ್ನುತ್ತದೆ ಇಪಿಎ. ಅಂದರೆ ಇನ್ನೊಂದು ಅಳತೆಯಲ್ಲಿ ಘನ ಮೀಟರಿಗೆ 148 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟ 100 ಬೆಕೆರೆಲ್, ಹಾಗಾಗಿ 3.9 ಬಂತೆಂದು ನಿಶ್ಚಿಂತೆ ಬೇಡ. ಅಂಕಿ 9 ಬಂತೆಂದು ಮನೆ ಬಿಡಬೇಕಾಗಿಯೂ ಇಲ್ಲ. 1984ರಲ್ಲಿ ಪೆನ್ಸಿಲ್ವೇನಿಯಾದ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಅಣುಸ್ಥಾವರದಲ್ಲಿ ಕೆಲಸಕ್ಕೆ ಬರುವಾಗಲೇ ವಿಕಿರಣದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಅವರ ಮನೆಯಲ್ಲಿ ಸಿಕ್ಕಿದ್ದು ಸುಮಾರು 2,700 ಪೈಕೋಕ್ಯೂರಿ. ಆ ಮನೆಯನ್ನೂ ಸರಿಪಡಿಸಿದರು.

ರಿಪೇರಿ ಸರಳ: ಬೇಸ್‌ಮೆಂಟಿನ ಕಾಂಕ್ರೀಟು ಕೊರೆದು, ಅಡಿಯ ಜಲ್ಲಿ ಒಂದಿಷ್ಟು ತೆಗೆದು, 3 ಅಥವಾ 4 ಇಂಚಿನ ಪಿವಿಸಿ ಪೈಪು ಇಳಿಸಿ, ಅದನ್ನು ಚಾವಣಿಯ ಮೇಲಕ್ಕೆ ಒಯ್ಯುತ್ತಾರೆ. ಮಣ್ಣಿನ ಗಾಳಿಯನ್ನು ಪೈಪಿನಲ್ಲಿ ಎಳೆದು ಹೊರಹಾಕುವ ಫ್ಯಾನ್ ಇರಬೇಕಾದ್ದು ಅಟ್ಟದಲ್ಲಿ ಅಥವಾ ಹೊರಗೆ. ಬೇಸ್‌ಮೆಂಟಿನಲ್ಲೇ ಕೂರಿಸಿದರೆ ಫ್ಯಾನಿನ ಮೇಲಿನ ಪೈಪು ಸೋರಿದಾಗ ರೇಡಾನನ್ನು ಮನೆಯೊಳಕ್ಕೇ ಊದುತ್ತದೆ. ಸಂಪ್ ಗುಂಡಿಗೆ ಬಿಗಿ ಮುಚ್ಚಳ ಬೇಕು. ಫ್ಯಾನ್ ಓಡತೊಡಗಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಮತ್ತೆ ಪರೀಕ್ಷೆ.

ನೋಡಲು ಹೋದ ಮನೆಯಲ್ಲಿ ಈ ಪೈಪು ಆಗಲೇ ಇದ್ದರೆ, ಅದರ ಮೇಲೆ ಬಣ್ಣದ ದ್ರವ ತುಂಬಿದ U ಆಕಾರದ ಪುಟ್ಟ ನಳಿಕೆ ಇರುತ್ತದೆ. ಒಂದು ಕಡೆ ದ್ರವ ಮೇಲೇರಿದ್ದರೆ ಪೈಪಿನಲ್ಲಿ ಎಳೆತ ಇದೆ. ಎರಡೂ ಕಡೆ ಸಮನಾಗಿ ನಿಂತಿದ್ದರೆ ಫ್ಯಾನ್ ಕೆಲಸ ಮಾಡುತ್ತಿಲ್ಲ.