ಹೇಂಟೆಯ ಕಾಲಿನ ಹಳದಿ

ಯುಗಾದಿಯ ಮರುದಿನದ ಹೊಸತೊಡಕು ಹತ್ತಿರವಾದಂತೆ ಅರಸೀಕೆರೆ, ಬೇಲೂರು, ಕಡೂರಿನ ಸಂತೆಗಳಲ್ಲಿ ನಾಟಿ ಕೋಳಿ ಕೊಳ್ಳುವವರು ಮೊದಲು ನೋಡುವುದು ಅದರ ಕಾಲನ್ನು. ಕಾಲು ಅರಿಶಿನ ಹಚ್ಚಿದಂತಿದ್ದರೆ ಅಪ್ಪಟ ನಾಟಿ, ಬಿಳಿಚಿಕೊಂಡಿದ್ದರೆ ಫಾರಂ ಕೋಳಿಯ ಬೆರಕೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಸಾಕುವವರೂ ಇದೇ ತೀರ್ಪನ್ನು ನಂಬಿ, ಬಿಳಿಗಾಲಿನ ಹೇಂಟೆಗಳನ್ನು ಮೊದಲು ಮಾರಿ, ಹಳದಿ ಕಾಲಿನವನ್ನು ತಳಿಗೆಂದು ಉಳಿಸಿಕೊಳ್ಳುತ್ತಾರೆ. ತಳಿಯನ್ನು ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಮನೆಯ ಅತ್ಯುತ್ತಮ ಮೊಟ್ಟೆ ಕೋಳಿಯನ್ನು ಕಳೆದುಕೊಳ್ಳುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಕೋಳಿಯ ದೇಹ ಈ ಹಳದಿಯನ್ನು ತಾನಾಗಿ ತಯಾರಿಸಲಾರದು. ಲ್ಯೂಟಿನ್, ಝಿಯಾಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್ ವರ್ಣದ್ರವ್ಯಗಳು ಹಳದಿ ಮುಸುಕಿನ ಜೋಳದಿಂದ, ನುಗ್ಗೆಸೊಪ್ಪಿನಿಂದ, ಅದು ಮೇಯುವ ಹಸಿರು ಹುಲ್ಲಿನಿಂದ ಬರಬೇಕು. ಅಕ್ಕಿ ನುಚ್ಚಿನಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಂದೇ ಅಂಗಳದಲ್ಲಿ ಒಂದೇ ಜೋಳ ತಿಂದ ಎರಡು ಹುಂಜಗಳಲ್ಲಿ ಒಂದರ ಕಾಲು ಹಳದಿಯಾಗಿ, ಇನ್ನೊಂದರದು ಬಿಳಿಯಾಗಿಯೇ ಉಳಿಯುವುದುಂಟು. ಇಲ್ಲಿ ಕೆಲಸ ಮಾಡುವುದು ಬಿಸಿಒ2 ಎಂಬ ವಂಶವಾಹಿ. ಅದು ತಯಾರಿಸುವ ಕಿಣ್ವವು ಕ್ಯಾರೊಟಿನಾಯ್ಡನ್ನು ಕತ್ತರಿಸಿ ಬಣ್ಣಗೆಡಿಸುತ್ತದೆ. ಹೊಸ್ತಿಲಿಗೆ ಒಬ್ಬರು ಅರಿಶಿನ ಬಳಿಯುತ್ತಿದ್ದಂತೆಯೇ ಇನ್ನೊಬ್ಬರು ಒದ್ದೆ ಬಟ್ಟೆಯಿಂದ ಒರೆಸುತ್ತ ಹೋದರೆ ಹೊಸ್ತಿಲು ಎಂದಿಗೂ ಹಳದಿಯಾಗದು. ಬಿಳಿಗಾಲಿನ ಕೋಳಿಯ ಚರ್ಮದಲ್ಲಿ ನಡೆಯುವುದು ಇದೇ. ಹಳದಿ ಕಾಲಿನ ಕೋಳಿಯಲ್ಲಿ ಈ ಒರೆಸುವ ಕಿಣ್ವ ದೇಹದ ಬೇರೆ ಭಾಗಗಳಲ್ಲಿ ಎಂದಿನಂತೆ ದುಡಿಯುತ್ತದೆ, ಚರ್ಮದಲ್ಲಿ ಮಾತ್ರ ಸುಮ್ಮನಾಗುತ್ತದೆ. ಇದನ್ನೇ ಕೆರೆಯ ಮಾತಿನಲ್ಲಿ ಹೇಳುವುದಾದರೆ, ಮೇವು ಕೆರೆಗೆ ನೀರು ತರುವ ಕಾಲುವೆ, ವಂಶವಾಹಿ ಅದರ ತೂಬು. ಕಾಲುವೆ ಒಣಗಿದರೆ ತೂಬು ಎಷ್ಟು ಭದ್ರವಾಗಿದ್ದರೂ ಕೆರೆ ತುಂಬದು. ತೂಬು ತೆರೆದೇ ಇದ್ದರೆ ಕಾಲುವೆ ಎಷ್ಟು ಹರಿದರೂ ನೀರು ನಿಲ್ಲದು. ಹಾಗಾಗಿ ಹಳದಿ ಕಾಲಿನ ವಂಶವಾಹಿ ಎಂದರೆ ಬಣ್ಣ ಕೊಡುವ ವಂಶವಾಹಿಯಲ್ಲ, ಬಂದ ಬಣ್ಣವನ್ನು ಅಳಿಸದೆ ಬಿಡುವ ವಂಶವಾಹಿ.

ಈ ಮುಚ್ಚಿದ ತೂಬು ಎಲ್ಲಿಂದ ಬಂತೆಂಬ ಚರಿತ್ರೆ ನನಗೆ ಅತ್ಯಂತ ಪ್ರಿಯವಾದುದು. ಸಾಕು ಕೋಳಿಗಳೆಲ್ಲ ಕೆಂಪು ಕಾಡುಕೋಳಿಯೊಂದರಿಂದಲೇ ಬಂದವು ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ವಾದಿಸಿದ್ದ, ಮತ್ತು ನೂರು ವರ್ಷಕ್ಕೂ ಮಿಕ್ಕಿ ಅದೇ ಮಾತು ನಿಂತಿತ್ತು. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಂಗಡಿಗರೊಂದಿಗೆ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಹಳದಿ ಚರ್ಮದ ವಂಶವಾಹಿಯ ಈ ರೂಪ ಕೆಂಪು ಕಾಡುಕೋಳಿಯದಲ್ಲ, ಬಹುತೇಕ ಬೂದು ಕಾಡುಕೋಳಿಯದು ಎಂದು ತೋರಿಸಿತು. ಬೂದು ಕಾಡುಕೋಳಿ ಭಾರತ ಬಿಟ್ಟು ಬೇರೆಲ್ಲೂ ಸಹಜವಾಗಿ ನೆಲೆಸಿಲ್ಲ. ಭದ್ರಾ ಅಭಯಾರಣ್ಯದ ಅಂಚಿನಲ್ಲೋ ಬಿಸಿಲೆ ಕಾಡಿನ ದಾರಿಯಲ್ಲೋ ಮುಂಜಾನೆ ನಡೆದವರು ಕೇಳಿರುವ ಕಾಡುಕೋಳಿಯ ಕೂಗು ಇದರದೇ. ಸಾಕು ಕೋಳಿಯೊಂದು ಯಾವುದೋ ಕಾಲದಲ್ಲಿ ಈ ಹಕ್ಕಿಯೊಂದಿಗೆ ಕೂಡಿದ್ದರಿಂದ ಬಂದ ಗುಣ ಇಂದು ಜಗತ್ತಿನ ಕೋಟ್ಯಂತರ ಕೋಳಿಗಳ ಕಾಲಿನಲ್ಲಿದೆ, ಫಾರಂನ ಬ್ರಾಯ್ಲರ್ ಕೋಳಿಯಲ್ಲಿಯೂ ಇದೆ. ಹಳದಿ ಕಾಲು ನಾಟಿತನದ ಮುದ್ರೆಯೆಂಬ ನಂಬಿಕೆ ಇಲ್ಲಿಗೇ ಮುರಿದು ಬೀಳುತ್ತದೆ.

ಚರ್ಮದಲ್ಲಿ ಒರೆಸುವ ಗುಣ ಪ್ರಬಲ, ಒರೆಸದಿರುವ ಗುಣ ಅಪ್ರಬಲ, ಎಂದರೆ ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಗೆ ಕಾಣುವಂಥದ್ದು. ಹೀಗಾಗಿ ತಾಯಿ ತಂದೆ ಎರಡೂ ವಂಶದಿಂದಲೇ ಹಳದಿ ಕಾಲಿನವಾದರೆ ಮರಿಗಳೆಲ್ಲ ಹಳದಿ ಕಾಲಿನವೇ ಆಗುತ್ತವೆ, ಆದರೆ ಬಿಳಿಗಾಲಿನ ಜೋಡಿಗೂ ನಡುವೆ ಕೆಲವು ಹಳದಿ ಕಾಲಿನ ಮರಿಗಳು ಹುಟ್ಟಬಹುದು. ಕೆಲವು ಕೋಳಿಗಳ ಹಸಿರು ಛಾಯೆಯ ಕಾಲು ಮೂರನೆಯ ಬಣ್ಣವೇನಲ್ಲ. ಒಳಪದರದ ಕಪ್ಪಿನ ಮೇಲೆ ಹೊರಪದರದ ಹಳದಿ ಕೂತಾಗ ಕಣ್ಣಿಗೆ ಹಸಿರಾಗಿ ತೋರುತ್ತದೆ.

ಇನ್ನು ಮೊಟ್ಟೆಯಿಡುವ ಹೇಂಟೆಯ ವಿಷಯ. ಮೊದಲ ಮೊಟ್ಟೆ ಬೀಳುತ್ತಿದ್ದಂತೆ ಮೇವಿನಿಂದ ಬಂದ ಹಳದಿಯೆಲ್ಲ ಮೊಟ್ಟೆಯೊಳಗಿನ ಹಳದಿ ಭಂಡಾರದತ್ತ ತಿರುಗುತ್ತದೆ, ಚರ್ಮಕ್ಕೆ ಹೊಸದಾಗಿ ಸೇರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ಬಣ್ಣ ಒಂದು ಖಚಿತ ಕ್ರಮದಲ್ಲಿ ಮಾಸುತ್ತದೆ: ಗುದದ್ವಾರದ ಅಂಚು ಕೆಲವೇ ದಿನಗಳಲ್ಲಿ, ಆಮೇಲೆ ಕಣ್ಣಿನ ಸುತ್ತಲ ಉಂಗುರ, ಆಮೇಲೆ ಕಿವಿಯ ಹಾಲೆ, ಸುಮಾರು ಆರು ವಾರಗಳಲ್ಲಿ ಬುಡದಿಂದ ತುದಿಯವರೆಗೆ ಕೊಕ್ಕು, ಕೊನೆಗೆ ನಾಲ್ಕೈದು ತಿಂಗಳಲ್ಲಿ ಕಾಲು. ಚರ್ಮ ಬೇಗ ಹೊಸದಾಗುವ ಕಡೆ ಬಣ್ಣ ಬೇಗ ಹೋಗುತ್ತದೆ, ಕಾಲಿನ ಗಟ್ಟಿ ಹುರುಪೆಯಲ್ಲಿ ನಿಧಾನವಾಗಿ ಹೋಗುತ್ತದೆ. ದಿನವೂ ತೊಳೆಯುವ ಹೊಸ್ತಿಲಿನ ಅರಿಶಿನಕ್ಕೂ ವರ್ಷಗಟ್ಟಲೆ ನಿಲ್ಲುವ ಗೋಡೆಯ ಬಣ್ಣಕ್ಕೂ ಇರುವ ವ್ಯತ್ಯಾಸದಂತೆ. ಮೊಟ್ಟೆ ನಿಂತರೆ ಹಳದಿ ಅದೇ ಕ್ರಮದಲ್ಲಿ ಮರಳುತ್ತದೆ. ಪದೇ ಪದೇ ಕಾವಿಗೆ ಕೂರುವ ನಾಟಿ ಹೇಂಟೆಯಲ್ಲಿ ಈ ಮಾಸುವಿಕೆ ಅರ್ಧಕ್ಕೇ ನಿಲ್ಲುವುದುಂಟು. ಆದ್ದರಿಂದ ಎಳೆಯದಾಗಿದ್ದಾಗ ಹಳದಿಯಾಗಿದ್ದ ಹೇಂಟೆಯೊಂದು ಆರೋಗ್ಯವಾಗಿದ್ದೂ ಬಿಳಿಚಿದ ಕಾಲಿನೊಡನೆ ಅಂಗಳದಲ್ಲಿ ಓಡಾಡುತ್ತಿದ್ದರೆ, ಅದು ತಿಂಗಳುಗಟ್ಟಲೆ ಬಿಡುವಿಲ್ಲದೆ ಮೊಟ್ಟೆ ಕೊಟ್ಟಿದೆ ಎಂದೇ ಓದಬೇಕು. ಅಂಥದ್ದಕ್ಕೆ ದೃಷ್ಟಿಯಾಗಿದೆಯೆಂದು ಕಾಲಿಗೆ ಕಪ್ಪು ದಾರ ಕಟ್ಟಿ, ಮುಂದಿನ ವಾರವೇ ಮಾರಿದವರನ್ನು ಕಂಡು ನಾನು ವ್ಯಥೆಪಟ್ಟಿದ್ದೇನೆ.

ಮೊಟ್ಟೆಯಿಡದ ಹುಂಜವೂ ಬಿಳಿಚಿದರೆ ಮಾತು ಬೇರೆ. ರಕ್ತಭೇದಿಯಾಗಲಿ ಜಂತುಹುಳುವಾಗಲಿ ಕರುಳನ್ನು ಹಾಳುಮಾಡಿದಾಗ ವರ್ಣದ್ರವ್ಯ ರಕ್ತಕ್ಕೆ ಸೇರದು. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕಿಂತ ಹೆಚ್ಚು ಭಯಪಡಬೇಕಾದುದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಕಾರಣ ಹುಡುಕುತ್ತ ಹೋದವರು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಲುಪಿದರು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಅದು ಯಕೃತ್ತನ್ನು ಕೆಡಿಸುತ್ತದೆ, ಮತ್ತು ಸಾಯುವಷ್ಟು ವಿಷ ಸೇರದಿದ್ದಾಗಲೂ ಕಾಲಿನ ಬಣ್ಣವನ್ನು ಕುಗ್ಗಿಸುತ್ತದೆ. ಬೂಷ್ಟು ವಾಸನೆಯ ಜೋಳವನ್ನು ಮನುಷ್ಯರಿಗಾಗದಿದ್ದರೂ ಕೋಳಿಗಾದೀತು ಎಂದು ಚೆಲ್ಲುವ ಅಭ್ಯಾಸವನ್ನು ಇಂದೇ ಬಿಡಬೇಕು.

ಜೋಳವೊಂದರಿಂದಲೇ ಮರಿ ಬೆಳೆಯದು ಎಂಬುದನ್ನೂ ಇಲ್ಲಿ ಹೇಳಬೇಕು. ಮುಸುಕಿನ ಜೋಳದಲ್ಲಿ ಪ್ರೋಟೀನು ಸುಮಾರು ಶೇ 9ರಷ್ಟು ಮಾತ್ರ, ಮೊದಲ ಎಂಟು ವಾರಗಳ ಮರಿಗೆ ಬೇಕಾದುದು ಹೆಚ್ಚುಕಡಿಮೆ ಶೇ 20. ಆ ಕೊರತೆಯನ್ನು ಗೆದ್ದಲು, ತಿಪ್ಪೆಯ ಹುಳು, ಶುಚಿಯಾದ ಹಿಂಡಿ ತುಂಬಬೇಕು. ಕೊರತೆಯ ಮೇವಿನಲ್ಲಿ ಬೆಳೆದ ಮರಿಯ ಗಾತ್ರವನ್ನು ನೋಡಿ ಅದರ ತಳಿ ಸಣ್ಣದೆನ್ನುವುದು, ಒಣಗಿದ ಕಾಲುವೆಯನ್ನು ನೋಡಿ ತೂಬನ್ನು ದೂರಿದಂತೆ.

ನಾನು ತಳಿಯ ಆಯ್ಕೆಯನ್ನು ಹೇಂಟೆಗಳು ಐದು ತಿಂಗಳು ತುಂಬಿ, ಮೊದಲ ಮೊಟ್ಟೆ ಇಡುವ ಮುಂಚೆ ಮಾಡುತ್ತೇನೆ. ಅದಕ್ಕೆ ಮೊದಲು ಎಲ್ಲಕ್ಕೂ ಕನಿಷ್ಠ ಎರಡು ತಿಂಗಳು ಒಂದೇ ಮೇವು, ಒಂದೇ ಸೊಪ್ಪು ಸಿಕ್ಕಿರಬೇಕು. ಆ ದಿನ ಹಳದಿ ಕಾಲಿನವಕ್ಕೆ ಒಂದು ಬಣ್ಣದ ದಾರ, ಬಿಳಿಗಾಲಿನವಕ್ಕೆ ಇನ್ನೊಂದು ಬಣ್ಣದ ದಾರ ಕಟ್ಟಿ, ಮುಂದೆ ಆ ಕಾಲು ಹೇಗೇ ಬಿಳಿಚಿದರೂ ದಾರವನ್ನೇ ನಂಬುತ್ತೇನೆ. ಬೆಳೆದ ಹುಂಜದ ಕಾಲನ್ನು ಮಾತ್ರ ಯಾವ ವಯಸ್ಸಿನಲ್ಲೂ ನೋಡಬಹುದು, ಏಕೆಂದರೆ ಅದರ ಹಳದಿಯನ್ನು ಕೇಳುವ ಮೊಟ್ಟೆಯಿಲ್ಲ. ಆದರೆ ಕಾವಿಗೆ ಗಟ್ಟಿಯಾಗಿ ಕೂತು, ಹದ್ದಿನಿಂದ ಮರಿಗಳನ್ನು ಕಾಯುವ ಹೇಂಟೆಯೊಂದು ಬಿಳಿ ಕಾಲಿನ ದಾರ ಹೊತ್ತಿದ್ದರೆ, ಅದನ್ನು ಹಳದಿ ಕಾಲಿನ ಹುಂಜದೊಡನೆ ಬಿಟ್ಟು, ಅದರ ಮರಿಗಳಲ್ಲಿ ಎಷ್ಟಕ್ಕೆ ಹಳದಿ ಕಾಲು ಬರುತ್ತದೆಂದು ಐದು ತಿಂಗಳು ಕಾಯುತ್ತೇನೆ.