ಕಾರಿನ ಬಣ್ಣಕ್ಕೆ ಪಾಲಿಶ್: ಯಂತ್ರಕ್ಕಿಂತ ಮೊದಲು ಎರಡು ಬಕೆಟ್

ಕಪ್ಪು ಅಥವಾ ಕಡುನೀಲಿ ಬಣ್ಣದ ಕಾರನ್ನು ವಿಜಯಪುರದ ಬಿಸಿಲಿನಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಬಿದ್ದ ಸೂರ್ಯನ ಪ್ರತಿಬಿಂಬವನ್ನು ದಿಟ್ಟಿಸಿದರೆ, ಅದನ್ನು ಸುತ್ತುವರಿದಂತೆ ನವಿರಾದ ಗೀರುಗಳು ಕಾಣುತ್ತವೆ. ಪಾಲಿಶ್ ಮಾಡುವ ಯಂತ್ರವೊಂದನ್ನು ಕೊಳ್ಳಬೇಕೆಂಬ ಆಸೆ ಬಹಳ ಜನರಲ್ಲಿ ಹುಟ್ಟುವುದು ಇದನ್ನು ಕಂಡಾಗಲೇ. ಈ ಗೀರುಗಳು ನಿಜಕ್ಕೂ ವೃತ್ತಾಕಾರವಾಗಿ ಇರುವುದಿಲ್ಲ. ಅವು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಹರಡಿರುತ್ತವೆ; ಆದರೆ ಸೂರ್ಯನಂಥ ಒಂದೇ ಮೂಲದಿಂದ ಬಂದ ಬೆಳಕನ್ನು ನಮ್ಮ ಕಣ್ಣಿನತ್ತ ಹೊರಳಿಸುವುದು ಪ್ರತಿಬಿಂಬಕ್ಕೆ ಅಡ್ಡಲಾಗಿ ಬಿದ್ದ ಗೀರುಗಳು ಮಾತ್ರವಾದ್ದರಿಂದ, ಕಣ್ಣು ಅವುಗಳನ್ನಷ್ಟೇ ಆಯ್ದು ವೃತ್ತಗಳಾಗಿ ಜೋಡಿಸಿಕೊಳ್ಳುತ್ತದೆ. ಮೋಡ ಕವಿದ ದಿನ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಅದೇ ಬಾನೆಟ್ ನಿರ್ಮಲವಾಗಿ ಕಾಣುತ್ತದೆ.

ಈ ಗೀರುಗಳಲ್ಲಿ ಬಹುಪಾಲು ಬಣ್ಣದವರೆಗೆ ಇಳಿದಿರುವುದಿಲ್ಲ. ಇಂದಿನ ಕಾರುಗಳ ತಗಡಿನ ಮೇಲೆ ಮೊದಲು ತುಕ್ಕು ತಡೆಯಲೆಂದು ವಿದ್ಯುತ್ತಿನ ನೆರವಿನಿಂದ ಕೂರಿಸಿದ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಇವೆಲ್ಲ ಸೇರಿದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲೊಂದರ ದಪ್ಪಕ್ಕಿಂತ ಕಡಿಮೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕಗಳು ಇರುವುದೂ ಈ ಪದರದಲ್ಲೇ. ಪಾಲಿಶ್ ಮಾಡುವುದೆಂದರೆ ಗೀರಿನ ತಳದ ಮಟ್ಟ ಮುಟ್ಟುವವರೆಗೆ ಅದರ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಇಳಕಲ್ಲಿನ ಕಾರ್ಖಾನೆಗಳಲ್ಲಿ ಗ್ರಾನೈಟಿಗೆ ಹೊಳಪು ಕೊಡುವಾಗಲೂ ಒರಟು ಸಾಣೆಯಿಂದ ನಯವಾದ ಸಾಣೆಯತ್ತ ಹೀಗೆಯೇ ಸವೆಸುತ್ತ ಹೋಗುತ್ತಾರೆ. ಆದರೆ ಆ ಚಪ್ಪಡಿಗೆ 20 ಮಿಲಿಮೀಟರ್, ಎಂದರೆ 20,000 ಮೈಕ್ರಾನ್ ದಪ್ಪವಿರುತ್ತದೆ. ಕಾರಿನಲ್ಲಿ ಹಗುರವಾದ ಒಂದು ಪಾಲಿಶ್ ಒಂದೆರಡು ಮೈಕ್ರಾನುಗಳನ್ನು ತೆಗೆಯುತ್ತದೆ, ಕಾಂಪೌಂಡ್ ಎಂದು ಕರೆಯುವ ಒರಟು ಕಣಗಳ ಪಾಲಿಶ್ ಅದಕ್ಕಿಂತ ಹೆಚ್ಚು ತೆಗೆಯುತ್ತದೆ, ಮತ್ತು ತೆಗೆದದ್ದನ್ನು ಮರಳಿ ಸೇರಿಸಲು ಹೊಸದಾಗಿ ಪೇಂಟ್ ಮಾಡಿಸುವುದರ ಹೊರತು ದಾರಿಯಿಲ್ಲ. ಹೊಸಬರು ಏನನ್ನು ಮೊದಲು ಕೊಳ್ಳಬೇಕು, ಏನನ್ನು ಕೊನೆಗೆ ಕೊಳ್ಳಬೇಕು ಎಂಬುದನ್ನು ಈ ಸಂಗತಿಯೇ ತೀರ್ಮಾನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಗೀರು ಹುಟ್ಟುವುದು ಧೂಳಿನಿಂದ. ನಮ್ಮ ಎರೆ ಹೊಲಗಳ ಜೇಡಿಮಣ್ಣು ಸ್ವತಃ ಬಹಳ ಮೃದು. ಅದರೊಡನೆ ಬೆರೆತಿರುವ ಕಲ್ಲಿನ ಕಣಗಳು ಹಾಗಲ್ಲ. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ ಸುತ್ತಲಿನ ಗ್ರಾನೈಟ್ ಎರಡರಲ್ಲೂ ಕ್ವಾರ್ಟ್ಜ್ ಹೇರಳವಾಗಿದೆ, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ (Mohs) ಮಾಪನದಲ್ಲಿ ಅದರ ಗಡಸುತನ 7. ಕಾರಿನ ಗಾಜಿಗೇ ಗೀರು ಹಾಕಬಲ್ಲ ಇಂಥ ಕಣದ ಮುಂದೆ ಪ್ಲಾಸ್ಟಿಕ್ ಜಾತಿಯ ಕ್ಲಿಯರ್ ಕೋಟ್ ನಿಲ್ಲುವುದೇ ಇಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ಕಡೆ ಕಾರ್ಖಾನೆಯ ಚಿಮಣಿಯಿಂದ ಹಾರಿಬಂದು ಕಾರಿನ ಮೇಲೆ ಕೂರುವ ಕಬ್ಬಿನ ಸಿಪ್ಪೆಯ ಬೂದಿಯಲ್ಲೂ ಸಿಲಿಕಾ ಹೆಚ್ಚು. ಮುಂಜಾನೆ ಒಣ ಬಟ್ಟೆಯಿಂದ ಕಾರನ್ನು ಒರೆಸುವ ನಮ್ಮೂರುಗಳ ಪದ್ಧತಿ ಈ ಕಣಗಳನ್ನೆಲ್ಲ ಕ್ಲಿಯರ್ ಕೋಟಿನ ಮೇಲೆ ಎಳೆದಾಡಿಸುತ್ತದೆ. ಅದನ್ನು ಬಿಡದೆ ಪಾಲಿಶ್ ಮಾಡಿಸಿದವರು ಕೆಲವೇ ವಾರಗಳಲ್ಲಿ ಹೊಸ ಗೀರುಗಳನ್ನು ಕಾಣುತ್ತಾರೆ, ಮತ್ತೆ ಪಾಲಿಶ್ ಮಾಡಿಸುತ್ತಾರೆ, ಪದರ ಪ್ರತಿಸಲವೂ ಇನ್ನಷ್ಟು ತೆಳುವಾಗುತ್ತದೆ.

ಆದ್ದರಿಂದ ಮೊದಲ ಖರೀದಿ ತೊಳೆಯುವ ಸಾಮಾನುಗಳದ್ದಾಗಿರಬೇಕು. ಎರಡು ದೊಡ್ಡ ಬಕೆಟ್ ಬೇಕು: ಒಂದರಲ್ಲಿ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಕೈಗವಸನ್ನು ಜಾಲಿಸಲು ಬರಿಯ ನೀರು. ಬಕೆಟ್ಟಿನ ತಳದಲ್ಲಿ ಇಡುವ ಜಾಲರಿ ಸಿಕ್ಕರೆ ಒಳ್ಳೆಯದು, ಕೆಳಗಿಳಿದ ಮರಳು ಮತ್ತೆ ಮೇಲೇಳುವುದನ್ನು ಅದು ತಡೆಯುತ್ತದೆ. ಸ್ಪಂಜಿನ ಬದಲು ಉದ್ದ ಎಳೆಗಳ ಮೈಕ್ರೋಫೈಬರ್ ಕೈಗವಸನ್ನು ಆರಿಸಬೇಕು. ಸ್ಪಂಜಿನ ಸಪಾಟಾದ ಮೈಗೆ ಅಂಟಿದ ಕಣ ಬಣ್ಣಕ್ಕೆ ಒತ್ತಿಕೊಂಡೇ ಸಾಗಿದರೆ, ಎಳೆಗಳ ನಡುವೆ ಸಿಕ್ಕ ಕಣ ಒಳಕ್ಕೆ ಸರಿದುಕೊಳ್ಳುತ್ತದೆ. ಕಾರಿಗೆಂದೇ ತಯಾರಾದ, ಪಿಎಚ್ ಸುಮಾರು 7 ಇರುವ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ಶಾಂಪೂ ಇರಲಿ. ಕೈಗವಸು ಮುಟ್ಟುವ ಮೊದಲೇ ಧೂಳನ್ನು ಸಡಿಲಗೊಳಿಸುವುದು ಮುಖ್ಯವಾದ್ದರಿಂದ, ನೊರೆ ಸಿಂಪಡಿಸಲು ಎರಡು ಲೀಟರಿನ ಕೈಪಂಪೊಂದು ಸಾಕು. ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುವುದೂ ನಡೆಯುತ್ತದೆ, ಕೀಟನಾಶಕ ಹೊಡೆದ ಹಳೆಯ ಪಂಪನ್ನು ಮಾತ್ರ ಬಳಸಬಾರದು. ಒರೆಸಲು ದಪ್ಪನೆಯ ಮೈಕ್ರೋಫೈಬರ್ ಟವೆಲ್ ಎರಡು ಇದ್ದರೆ ಸಾಕು. ಈ ಬಟ್ಟೆಯ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸೀಳಿ ರೇಷ್ಮೆ ಎಳೆಗಿಂತಲೂ ಸಣ್ಣದಾಗಿ ಮಾಡಿರುತ್ತಾರೆ, ಆ ಸೀಳುಗಳೇ ನೀರನ್ನೂ ಧೂಳನ್ನೂ ಹಿಡಿಯುವುದು. ಫ್ಯಾಬ್ರಿಕ್ ಸಾಫ್ಟನರ್ ಹಾಕಿ ಒಗೆದರೆ ಸೀಳುಗಳು ಮುಚ್ಚಿಹೋಗುತ್ತವೆ.

ನೀರಿನ ವಿಷಯಕ್ಕೆ ಉತ್ತರ ಕರ್ನಾಟಕದಲ್ಲಿ ವಿಶೇಷ ಗಮನ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರು ಎಷ್ಟು ಗಡಸೆಂಬುದನ್ನು ಮನೆಯ ನಲ್ಲಿಗಳ ಮೇಲಿನ ಬಿಳಿ ಹೊರಪದರವೇ ತೋರಿಸುತ್ತದೆ. ಬಾನೆಟ್ ಮೇಲೆ ಹನಿಯೊಂದು ಒಣಗಿದಾಗ ನೀರು ಆವಿಯಾಗಿ, ಅದರಲ್ಲಿ ಕರಗಿದ್ದ ಸುಣ್ಣದ ಲವಣಗಳು ಉಂಗುರವಾಗಿ ಉಳಿಯುತ್ತವೆ. ಹೊಸ ಕಲೆಯನ್ನು ನೀರು ಬೆರೆಸಿದ ಬಿಳಿ ವಿನೆಗರ್ ಕರಗಿಸಿಬಿಡುತ್ತದೆ. ಬಿಸಿಲಿನಲ್ಲಿ ಬಹುದಿನ ಉಳಿದು ಕ್ಲಿಯರ್ ಕೋಟನ್ನೇ ಕೊರೆದ ಕಲೆಗೆ ಪಾಲಿಶ್ ಬೇಕಾಗುತ್ತದೆ. ನೀರು ಉಳಿಸುವ ಸದುದ್ದೇಶದಿಂದ ಮನೆಯ ಆರ್‌ಒ ಫಿಲ್ಟರ್ ಹೊರಬಿಡುವ ನೀರಿನಲ್ಲಿ ಕಾರು ತೊಳೆಯುವವರಿದ್ದಾರೆ. ಫಿಲ್ಟರ್ ತಡೆದ ಲವಣಗಳೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ, ಕಾರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಕೊಳವೆಬಾವಿಯ ನೀರಿನಲ್ಲಿ ತೊಳೆದು, ಶುದ್ಧ ನೀರಿನ ಘಟಕದಿಂದ ತಂದ 20 ಲೀಟರಿನ ಒಂದು ಕ್ಯಾನಿನಿಂದ ಕೊನೆಯ ಬಾರಿ ಜಾಲಿಸಿ, ನೆರಳಿನಲ್ಲಿ ಕೂಡಲೇ ಒರೆಸಿದರೆ ಕಲೆಯ ಪ್ರಶ್ನೆ ಬಹುಮಟ್ಟಿಗೆ ಮುಗಿಯುತ್ತದೆ.

ತೊಳೆದ ಮೇಲೂ ಅಂಗೈಗೆ ಬಣ್ಣ ತರಿತರಿಯಾಗಿ ತಾಕಿದರೆ ಅದಕ್ಕೆ ಕ್ಲೇ ಬಾರ್, ಅಂದರೆ ಬಣ್ಣದ ಮೇಲೆ ಜಾರಿಸಿದಾಗ ಅಂಟಿದ ಕಣಗಳನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ಮುದ್ದೆ ಬೇಕು. ಬೆಳಗಾವಿಯ ಉದ್ಯಮಬಾಗದಂಥ ಫೌಂಡ್ರಿಗಳ ಸುತ್ತ, ಅಥವಾ ರೈಲು ಹಳಿಯ ಪಕ್ಕ ನಿಲ್ಲುವ ಕಾರುಗಳ ಮೇಲೆ ಕಬ್ಬಿಣದ ಸೂಕ್ಷ್ಮ ಕಣಗಳು ಕೂತು ತುಕ್ಕಿನ ಚುಕ್ಕಿಗಳಾಗುತ್ತವೆ. ಅಲ್ಲಿಯವರು ಕ್ಲೇ ಬಳಸುವ ಮೊದಲು ಐರನ್ ರಿಮೂವರ್ ಸಿಂಪಡಿಸಬೇಕು. ಕಬ್ಬಿಣದೊಡನೆ ಸೇರಿದಾಗ ಅದು ನೇರಳೆ ಬಣ್ಣಕ್ಕೆ ತಿರುಗುವುದರಿಂದ ಕೆಲಸ ನಡೆಯುತ್ತಿರುವುದು ಕಣ್ಣಿಗೇ ಕಾಣುತ್ತದೆ.

ಇನ್ನು ಯಂತ್ರ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಕಾಣುವುದು ರೋಟರಿ ಬಫಿಂಗ್ ಮಶೀನ್. ಅದರ ಪ್ಯಾಡ್ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ, ಎಷ್ಟು ಒತ್ತಿದರೂ ತಿರುಗುತ್ತಲೇ ಇರುತ್ತದೆ, ಉಜ್ಜುವಿಕೆಯ ಬಿಸಿಯೆಲ್ಲ ಒಂದೇ ಕಡೆ ಸೇರುತ್ತದೆ. ನುರಿತ ಕೈಯಲ್ಲಿ ಅದು ಅತ್ಯುತ್ತಮ ಸಾಧನ. ಹೊಸಬರ ಕೈಯಲ್ಲಿ ಬಾಗಿಲಿನ ಅಂಚಿನ ಕ್ಲಿಯರ್ ಕೋಟ್ ಕ್ಷಣಾರ್ಧದಲ್ಲಿ ಹೋಗಿಬಿಡುತ್ತದೆ. ಇನ್ನೂ ಅಪಾಯಕಾರಿಯಾದದ್ದು ಮನೆಯಲ್ಲಿರುವ ಆ್ಯಂಗಲ್ ಗ್ರೈಂಡರಿಗೆ ಪಾಲಿಶ್ ಪ್ಯಾಡ್ ಸಿಕ್ಕಿಸುವುದು. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 125 ಮಿಲಿಮೀಟರ್ ಪ್ಯಾಡಿನ ಅಂಚು ಆಗ ಸೆಕೆಂಡಿಗೆ 72 ಮೀಟರ್ ವೇಗದಲ್ಲಿ ಬಣ್ಣವನ್ನು ಉಜ್ಜುತ್ತದೆ. ಅದೇ ಪ್ಯಾಡನ್ನು ಪಾಲಿಶ್ ಮಶೀನಿನಲ್ಲಿ 1,200 ಸುತ್ತಿಗೆ ಇಟ್ಟರೆ ಅಂಚಿನ ವೇಗ ಸೆಕೆಂಡಿಗೆ 8 ಮೀಟರಿನಷ್ಟೇ. ಇಂಥ ಪ್ಯಾಡುಗಳು ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತವೆ ಎಂಬ ಕಾರಣಕ್ಕೆ ಯಾರೂ ಈ ದಾರಿ ಹಿಡಿಯಬಾರದು.

ಹೊಸಬರಿಗೆ ತಕ್ಕದ್ದು ಡ್ಯುಯಲ್ ಆ್ಯಕ್ಷನ್, ಅಂದರೆ ಡಿಎ ಪಾಲಿಶರ್. ಇದರಲ್ಲಿ ಪ್ಯಾಡಿನ ಅಚ್ಚು ಮೋಟಾರಿನ ಕೇಂದ್ರದಿಂದ ಸ್ವಲ್ಪ ಸರಿದಿರುತ್ತದೆ; ಆದ್ದರಿಂದ ಪ್ಯಾಡ್ ಸಣ್ಣ ಕಕ್ಷೆಯೊಂದರಲ್ಲಿ ಓಡಾಡುತ್ತ, ಬೇರಿಂಗಿನ ಮೇಲೆ ತನ್ನಷ್ಟಕ್ಕೆ ತಾನೂ ಸುತ್ತುತ್ತದೆ. ಒಂದೇ ಕಣ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಉಜ್ಜುವುದಿಲ್ಲ, ಬಿಸಿ ಹಂಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅತಿಯಾಗಿ ಒತ್ತಿದರೆ ಅಥವಾ ಪ್ಯಾಡನ್ನು ಓರೆಯಾಗಿ ಹಿಡಿದರೆ ಅದರ ಸುತ್ತುವಿಕೆ ತಾನಾಗಿಯೇ ನಿಂತು, ಬರಿಯ ಕಂಪನ ಉಳಿಯುತ್ತದೆ. ಕೆಲಸ ನಿಧಾನವಾಗುವ ಈ ಗುಣವನ್ನು ಕೆಲವರು ದೋಷವೆಂದು ದೂರುತ್ತಾರೆ, ಕಲಿಯುವವರಿಗೆ ಅದೇ ರಕ್ಷಣೆ. ಪ್ಯಾಡ್ ಹಿಡಿಯುವ ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ, ಅದು ಸುತ್ತುತ್ತಿದೆಯೋ ನಿಂತಿದೆಯೋ ಎಂಬುದು ತಿಳಿಯುತ್ತದೆ.

ಡಿಎ ಕೊಳ್ಳುವಾಗ ವಾಟ್ ಸಂಖ್ಯೆಗಿಂತ ಮೊದಲು ನೋಡಬೇಕಾದದ್ದು ಆ ಕಕ್ಷೆಯ ಅಳತೆಯನ್ನು. ಮಾರುಕಟ್ಟೆಯಲ್ಲಿ 8, 15, 21 ಮಿಲಿಮೀಟರಿನವು ಸಾಮಾನ್ಯ. ದೊಡ್ಡ ಕಕ್ಷೆಯದು ವಿಶಾಲವಾದ ಸಪಾಟು ಮೈಯಲ್ಲಿ ಬೇಗ ಕೆಲಸ ಮುಗಿಸುತ್ತದೆ, ಆದರೆ ಬಾಗಿದ ಮೈಯಲ್ಲಿ ಬೇಗ ನಿಂತುಬಿಡುತ್ತದೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿರುವ ಸಣ್ಣ ಕಾರುಗಳಲ್ಲಿ ಸಪಾಟು ಜಾಗ ಕಡಿಮೆ, ಬಾಗು ಹೆಚ್ಚು. ಅವುಗಳಿಗೆ 125 ಮಿಲಿಮೀಟರ್ ತಟ್ಟೆಯ, 8 ಮಿಲಿಮೀಟರ್ ಕಕ್ಷೆಯ ಯಂತ್ರವನ್ನೇ ನಾನು ಸೂಚಿಸುತ್ತೇನೆ. ದೊಡ್ಡ ಎಸ್‌ಯುವಿ ಇದ್ದವರಿಗೆ 15 ಮಿಲಿಮೀಟರಿನದು ಅನುಕೂಲ. ವೇಗ ಬದಲಿಸುವ ಗುಂಡಿ ಇರಲೇಬೇಕು, ನಿಧಾನವಾಗಿ ಶುರುವಾಗುವ ವ್ಯವಸ್ಥೆ ಇದ್ದರೆ ಲೇಸು. 900 ವಾಟಿನ ಯಂತ್ರವೂ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 4 ಆ್ಯಂಪಿಯರ್ ಮಾತ್ರ. ಮನೆಯ ಸಾಮಾನ್ಯ ಸಾಕೆಟ್ ಸಾಕು, ಆದರೆ ಅರ್ಥಿಂಗ್ ಇರುವ ಮೂರು ತಂತಿಯ ಎಕ್ಸ್‌ಟೆನ್ಷನ್ ಬಳಸಬೇಕು, ನೆಲ ಒದ್ದೆ ಇರಬಾರದು.

ಯಂತ್ರದ ಖರೀದಿಯಲ್ಲಿ ಉಳಿಸಿದ ಹಣವನ್ನು ಪ್ಯಾಡುಗಳಿಗೆ ಹಾಕಬೇಕು. ಒಂದೇ ಪ್ಯಾಡಿನಲ್ಲಿ ಇಡೀ ಕಾರನ್ನು ಮುಗಿಸಲು ಹೊರಟರೆ ಅದು ಬಿಸಿಯಾಗಿ, ಸವೆದ ಪೇಂಟಿನ ಪುಡಿಯಿಂದ ತುಂಬಿ, ತಾನೇ ಗೀರು ಹಾಕತೊಡಗುತ್ತದೆ. ಮಧ್ಯಮ ಗಡಸಿನ ಫೋಮ್ ಪ್ಯಾಡ್ ನಾಲ್ಕು, ಮೃದುವಾದವು ಎರಡು, ಅವುಗಳನ್ನು ಉಜ್ಜಲು ಒಂದು ಗಟ್ಟಿ ಬ್ರಷ್ ಇದ್ದರೆ ಆರಂಭಕ್ಕೆ ಸಾಕು. ಪ್ಯಾಡಿನ ಬಣ್ಣ ನೋಡಿ ಗಡಸುತನ ಊಹಿಸುವಂತಿಲ್ಲ, ತಯಾರಕರ ನಡುವೆ ಅದಕ್ಕೆ ಏಕರೂಪದ ನಿಯಮವಿಲ್ಲ. ಪಾಲಿಶ್ ದ್ರವದಲ್ಲಿರುವುದು ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡಿನ ಕಣಗಳು, ಮೋಸ್ ಮಾಪನದಲ್ಲಿ ಅವುಗಳ ಗಡಸುತನ 9. ಕಣ ಸಣ್ಣದಾದಷ್ಟೂ ಅದು ಉಳಿಸುವ ಗೀರು ಸಣ್ಣದು, ಮತ್ತು ಗೋಚರ ಬೆಳಕಿನ ತರಂಗದೂರವಾದ 0.4ರಿಂದ 0.7 ಮೈಕ್ರಾನಿಗಿಂತ ಬಹಳ ಚಿಕ್ಕದಾದ ಏರುತಗ್ಗು ಬೆಳಕನ್ನು ಚದುರಿಸಲಾರದು. ಹೊಳಪು ಎಂದು ನಾವು ಕಾಣುವುದು ಇದನ್ನೇ. ನಯವಾದ ಪಾಲಿಶನ್ನು ಮೃದು ಪ್ಯಾಡಿನೊಡನೆ ಎರಡಡಿ ಚೌಕದಲ್ಲಿ ಮೊದಲು ಪರೀಕ್ಷಿಸಿ, ಅದರಿಂದ ಆಗದಿದ್ದರೆ ಮಾತ್ರ ಒಂದು ಹಂತ ಒರಟಿನತ್ತ ಹೋಗಬೇಕು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಎಲ್‌ಇಡಿ ಟಾರ್ಚ್ ಹಿಡಿದು ನೋಡಿದರೆ ಗೀರು ಹೋಗಿದೆಯೋ ಅಥವಾ ಪಾಲಿಶಿನ ಎಣ್ಣೆಯಲ್ಲಿ ಅಡಗಿದೆಯೋ ಎಂಬುದು ಗೊತ್ತಾಗುತ್ತದೆ. ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚುವುದನ್ನು ಮರೆಯಬಾರದು. ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರನ್ನು ಬಿಟ್ಟುಬಿಡುವುದೇ ಜಾಣತನ.

ಹಳೆಯ ಕಾರು ಕೊಂಡವರು ಪೇಂಟಿನ ದಪ್ಪ ಅಳೆಯುವ ಗೇಜನ್ನು ಯಾರಿಂದಲಾದರೂ ಎರವಲು ಪಡೆದಾದರೂ ಬಳಸಬೇಕು. ಇದು ಕಬ್ಬಿಣದ ಮೇಲೆ ಕಾಂತೀಯ ಪ್ರೇರಣೆಯಿಂದಲೂ ಅಲ್ಯುಮಿನಿಯಂ ಮೇಲೆ ಸುಳಿ ವಿದ್ಯುತ್ತಿನಿಂದಲೂ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ನಡೆಯದು. ಅದು ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು. ಒಂದು ಬಾಗಿಲು 110, ಪಕ್ಕದ್ದು 400 ಮೈಕ್ರಾನ್ ತೋರಿಸಿದರೆ ಎರಡನೆಯದಕ್ಕೆ ಪುಟ್ಟಿ ಹಚ್ಚಿ ಮರುಪೇಂಟ್ ಮಾಡಿದ್ದಾರೆಂದು ತಿಳಿಯಬಹುದು. ಉಳಿದ ಭಾಗಗಳಿಗಿಂತ ಎದ್ದುಕಾಣುವಷ್ಟು ಕಡಿಮೆ ತೋರಿಸುವ ಜಾಗವನ್ನು ಯಂತ್ರದಿಂದ ಮುಟ್ಟಬಾರದು.

ರಕ್ಷಣೆಯ ಲೇಪಗಳಲ್ಲಿ ಆಯ್ಕೆ ಬಹಳ, ಜಾಹೀರಾತು ಅದಕ್ಕಿಂತ ಬಹಳ. ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣ ಸುಮಾರು 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. ನೋಡಲು ಚೆಂದ, ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಪ್ಪು ಬಾನೆಟ್ ಮೇಲೆ ಕೆಲವು ವಾರಗಳಿಗಿಂತ ಹೆಚ್ಚು ಬಾಳುವುದಿಲ್ಲ. ಮೇಣದ ಬದಲು ಹಚ್ಚುವ ಕೃತಕ ಲೇಪವಾದ ಸಿಂಥೆಟಿಕ್ ಸೀಲೆಂಟ್ ಕೆಲವು ತಿಂಗಳು ಇರುತ್ತದೆ, ಹಚ್ಚುವುದು ಸುಲಭ, ತಪ್ಪಾದರೆ ಒರೆಸಿ ತೆಗೆಯಬಹುದು. ಹೊಸಬರು ಇದರಿಂದಲೇ ಆರಂಭಿಸಲಿ. ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರಿತವಾಗಿದ್ದು, ಬಣ್ಣಕ್ಕೆ ಬಲವಾಗಿ ಅಂಟಿಕೊಂಡು ವರ್ಷಗಟ್ಟಲೆ ಇರಬಲ್ಲದು. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲ್ ಪರೀಕ್ಷೆಯ ಅಳತೆ: 9ಎಚ್ ಪೆನ್ಸಿಲ್ ಗೀರಲಿಲ್ಲ ಎಂದಷ್ಟೇ ಅದರ ಅರ್ಥ, ಮೋಸ್ ಮಾಪನದ 9ಕ್ಕೂ ಅದಕ್ಕೂ ಸಂಬಂಧವಿಲ್ಲ. ಕ್ವಾರ್ಟ್ಜ್ ಕಣ ಅದನ್ನೂ ಗೀರುತ್ತದೆ. ಅದರ ನಿಜವಾದ ಉಪಯೋಗ ಕೊಳೆ ಬೇಗ ಬಿಡುವುದರಲ್ಲಿ, ಹಕ್ಕಿಯ ಹಿಕ್ಕೆಯಂಥ ವಸ್ತುಗಳಿಂದ ಬಣ್ಣವನ್ನು ಸ್ವಲ್ಪ ಹೊತ್ತು ಕಾಯುವುದರಲ್ಲಿ ಇದೆ. ನೀರು ದುಂಡನೆಯ ಹನಿಗಳಾಗಿ ನಿಲ್ಲುವ ಅದರ ಗುಣ ಗಡಸು ನೀರಿನ ಊರುಗಳಲ್ಲಿ ತೊಂದರೆಯನ್ನೂ ತರುತ್ತದೆ, ಪ್ರತಿ ಹನಿಯೂ ಒಣಗಿ ಒಂದೊಂದು ಬಿಳಿ ಉಂಗುರವಾಗುತ್ತದೆ. ಹಾರಿಬರುವ ಕಲ್ಲನ್ನು ತಡೆಯುವುದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಮಾತ್ರ, ಅದು ಮನೆಯಲ್ಲಿ ಹಚ್ಚುವ ವಸ್ತುವಲ್ಲ; ಕಲ್ಲು ತುಂಬಿದ ಲಾರಿಗಳ ಹಿಂದೆ ದಿನವೂ ಓಡಾಡುವವರು ಬಾನೆಟ್ಟಿಗೆ ಮಾತ್ರವಾದರೂ ಹಾಕಿಸಿಕೊಳ್ಳಬಹುದು.

ಈ ಭಾಗದ ಹವಾಮಾನಕ್ಕೆ ಸೀಲೆಂಟನ್ನು ವರ್ಷಕ್ಕೆ ಎರಡು ಸಲವಾದರೂ ಹಚ್ಚಬೇಕು: ಬಿಸಿಲು ಏರುವ ಮೊದಲು, ಯುಗಾದಿಯ ಹೊತ್ತಿಗೆ ಒಮ್ಮೆ, ಮಳೆ ಮುಗಿದು ಕಬ್ಬಿನ ಹಂಗಾಮು ಆರಂಭವಾಗುವಾಗ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ. ಎರಡೂ ಸಲ ಕೆಲಸ ಬೆಳಗಿನ ನೆರಳಿನಲ್ಲಿ, ತಗಡು ಕೈಗೆ ತಣ್ಣಗಿರುವಾಗ ಆಗಲಿ. ಪಾಲಿಶರನ್ನು ಪೆಟ್ಟಿಗೆಯಿಂದ ಹೊರತೆಗೆಯುವುದು ಟಾರ್ಚಿನ ಬೆಳಕಿನಲ್ಲಿ ಹೊಸ ಗೀರು ಕಂಡ ಭಾಗಕ್ಕೆ ಮಾತ್ರ.