ಹಳೆಯ ರೇಸ್ ಸೈಕಲ್ಲು ಎಲ್ಲಿ ಸೋಲುತ್ತದೆ?

ತೀರ್ಥಹಳ್ಳಿ ಕಡೆಯ ನಮ್ಮ ಬಂಧುಗಳ ಮನೆಯ ಅಟ್ಟದಲ್ಲಿ, ಅಡಕೆ ಚೀಲಗಳ ಹಿಂದೆ, 1980ರ ದಶಕದ ಒಂದು ರೇಸ್ ಸೈಕಲ್ಲು ಬಹಳ ವರ್ಷಗಳಿಂದ ನೇತಾಡುತ್ತಿತ್ತು. ತೆಳುವಾದ ಉಕ್ಕಿನ ಕೊಳವೆಗಳ ಫ್ರೇಮು, ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಹಿಂದಿನ ಚಕ್ರಕ್ಕೆ ಆರು ಗೇರು. ಗೇರ್ ಬದಲಿಸುವ ಲಿವರುಗಳು ಇರುವುದು ಹ್ಯಾಂಡಲ್ಲಿನಲ್ಲಲ್ಲ, ಫ್ರೇಮಿನ ಓರೆ ಕೊಳವೆಯ ಮೇಲೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಆ ಮನೆಯ ಹುಡುಗ ಅದನ್ನು ಇಳಿಸಿ ತಂದು ನನ್ನೆದುರು ನಿಲ್ಲಿಸಿ, "ಮಾವಾ, ಇದ್ರಲ್ಲಿ ರೇಸಿಗೆ ಇಳಿಬೋದಾ, ಇಲ್ಲಾ ಜನ ನಗ್ತಾರಾ?" ಎಂದು ಕೇಳಿದ. ನಗುವವರ ವಿಷಯ ನನ್ನ ಕೈಯಲ್ಲಿಲ್ಲ. ಆದರೆ ಪ್ರಶ್ನೆಯ ಮೊದಲರ್ಧಕ್ಕೆ ಭೌತಶಾಸ್ತ್ರ ಸಾಕಷ್ಟು ಖಚಿತವಾದ ಉತ್ತರವನ್ನೇ ಕೊಡುತ್ತದೆ, ಮತ್ತು ಆ ಉತ್ತರ ರೇಸಿನಿಂದ ರೇಸಿಗೆ ಬದಲಾಗುತ್ತದೆ.

ಸೈಕಲ್ಲನ್ನು ಕಂಡವರೆಲ್ಲ ಮೊದಲು ಮಾಡುವ ಕೆಲಸವೆಂದರೆ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡುವುದು, ಆದ್ದರಿಂದ ತೂಕದಿಂದಲೇ ಆರಂಭಿಸೋಣ. ನಮ್ಮದು 10 ಕಿಲೋ ತೂಗಿತು. ಇಂದಿನ ಒಳ್ಳೆಯ ಕಾರ್ಬನ್ ಸೈಕಲ್ಲು ಏಳೂವರೆ ಕಿಲೋದ ಆಸುಪಾಸಿನಲ್ಲಿರುತ್ತದೆ; ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2000ದಿಂದ ಜಾರಿಗೆ ತಂದ ನಿಯಮದಂತೆ ರೇಸ್ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರುವಂತಿಲ್ಲ. ಈ ಎರಡೂವರೆ ಕಿಲೋ ವ್ಯತ್ಯಾಸದ ಬೆಲೆ ಎಷ್ಟೆಂದು ತಿಳಿಯಲು ಆಗುಂಬೆಯಂಥ ಒಂದು ಘಾಟಿಯನ್ನು ಕಲ್ಪಿಸಿಕೊಂಡು, ಲೆಕ್ಕದ ಅನುಕೂಲಕ್ಕೆ ಏರು 500 ಮೀಟರ್, ಇಳಿಜಾರು ಸರಾಸರಿ ಶೇ. 7, ಅಂದರೆ ದಾರಿ ಏಳು ಕಿಲೋಮೀಟರಿಗೆ ತುಸು ಹೆಚ್ಚು ಎಂದು ಹಿಡಿಯಬಹುದು. ಸವಾರನ ತೂಕ 62 ಕಿಲೋ, ಅವನು ಸತತವಾಗಿ ಕೊಡಬಲ್ಲ ಶಕ್ತಿ 240 ವ್ಯಾಟ್ ಎಂದಿಟ್ಟುಕೊಳ್ಳಿ. ಹಳೆಯ ಸೈಕಲ್ಲಿನೊಂದಿಗೆ ಅವನನ್ನು ಘಾಟಿಯ ತುದಿಗೆ ಎತ್ತಲು ಸುಮಾರು 3,53,000 ಜೂಲ್ ಬೇಕು. ಹೊಸದರೊಂದಿಗೆ 12,000 ಜೂಲ್ ಕಡಿಮೆ ಸಾಕು. ಗಾಳಿ ಮತ್ತು ಘರ್ಷಣೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಇಪ್ಪತ್ತನಾಲ್ಕೂವರೆ ನಿಮಿಷದ ಏರಿನಲ್ಲಿ ಇದು ಹೆಚ್ಚುಕಡಿಮೆ 51 ಸೆಕೆಂಡುಗಳ ಅಂತರ. ಗೆಳೆಯರ ನಡುವಿನ ಪಂದ್ಯದಲ್ಲಿ ಇದು ಲೆಕ್ಕಕ್ಕಿಲ್ಲದಿರಬಹುದು, ಆದರೆ ನಿಜವಾದ ರೇಸಿನಲ್ಲಿ ಐವತ್ತು ಸೆಕೆಂಡು ಹಿಂದೆ ಬಿದ್ದವನಿಗೆ ಮುಂದಿನವರು ಎರಡು ತಿರುವುಗಳಾಚೆ ಮರೆಯಾಗಿರುತ್ತಾರೆ.

ಕುತೂಹಲದ ಸಂಗತಿಯೆಂದರೆ, ಯಾರೂ ಎತ್ತಿ ನೋಡದ ಇನ್ನೊಂದು ಭಾಗ ಇಷ್ಟೇ ಸಮಯವನ್ನು ಸದ್ದಿಲ್ಲದೆ ನುಂಗುತ್ತದೆ. ಅದು ಟೈರು. ರಸ್ತೆಗೆ ತಾಗುವ ಜಾಗದಲ್ಲಿ ರಬ್ಬರು ಕ್ಷಣಕ್ಷಣವೂ ಅದುಮಿಕೊಂಡು ಮತ್ತೆ ಹಿಗ್ಗುತ್ತದೆ; ಅದುಮುವಾಗ ಪಡೆದ ಶಕ್ತಿಯನ್ನೆಲ್ಲ ಹಿಗ್ಗುವಾಗ ಹಿಂದಿರುಗಿಸುವುದಿಲ್ಲ, ಒಂದಿಷ್ಟನ್ನು ಶಾಖವಾಗಿ ಕಳೆಯುತ್ತದೆ. ದಪ್ಪ, ಒರಟು ನೂಲಿನ ಟೈರಿನಲ್ಲಿ ಈ ನಷ್ಟ ಹೆಚ್ಚು, ತೆಳುವಾದ ಮೃದು ಟೈರಿನಲ್ಲಿ ಕಡಿಮೆ. ಸಾಧಾರಣ ಟೈರಿನ ಉರುಳು ಘರ್ಷಣೆಯ ಗುಣಾಂಕ (ಹೊತ್ತ ಭಾರದ ಎಷ್ಟು ಪಾಲು ಉರುಳುವಿಕೆಗೆ ತಡೆಯಾಗುತ್ತದೆಂಬ ಅಳತೆ) 0.006, ಒಳ್ಳೆಯ ರೇಸ್ ಟೈರಿನದು 0.004 ಎಂದು ಹಿಡಿದರೆ, ಅದೇ ಘಾಟಿಯಲ್ಲಿ ಉಳಿಯುವ ಶಕ್ತಿ ಸುಮಾರು 10,000 ಜೂಲ್, ಸಮಯ 42 ಸೆಕೆಂಡು. ಅಂದರೆ ಒಂದು ಜೊತೆ ಟೈರು ಬದಲಿಸಿದರೆ ಎರಡೂವರೆ ಕಿಲೋ ಭಾರದ ದಂಡದಲ್ಲಿ ಬಹುಪಾಲು ತೀರಿಹೋಗುತ್ತದೆ. ಹೊಸ ಸೈಕಲ್ಲಿಗೂ ಅದೇ ಟೈರು ಹಾಕಿಕೊಳ್ಳಬಹುದಲ್ಲ ಎಂದು ನೀವು ಕೇಳಿದರೆ ಅದು ನ್ಯಾಯವೇ. ಆದರೆ ದುಬಾರಿ ಸೈಕಲ್ಲಿಗೆ ಅಂಗಡಿಯವನು ಕೊಟ್ಟ ಗಡಸು ಟೈರನ್ನೇ ಸವೆಯುವವರೆಗೆ ಓಡಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಟೈರಿನ ಅಗಲದ ಬಗ್ಗೆಯೂ ತಿಳಿವಳಿಕೆ ತಿರುವುಮುರುವಾಗಿದೆ. ಒಂದು ಕಾಲದಲ್ಲಿ 21 ಅಥವಾ 23 ಮಿಲಿಮೀಟರ್ ಅಗಲದ ಟೈರಿಗೆ ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ತುಂಬಿಸುತ್ತಿದ್ದರು. ನಯವಾದ ಟ್ರ್ಯಾಕಿನಲ್ಲಿ ಅದು ಸರಿ, ಮಳೆಗಾಲ ಕಳೆದ ನಮ್ಮ ರಸ್ತೆಗಳಲ್ಲಿ ಅಂಥ ಟೈರು ಪ್ರತಿ ಜಲ್ಲಿಕಲ್ಲಿಗೂ ಕುಪ್ಪಳಿಸಿ, ಮುಂದಕ್ಕೆ ಹೋಗಬೇಕಾದ ಶಕ್ತಿಯನ್ನು ಸವಾರನ ಮೈ ನಡುಗಿಸಲು ವ್ಯಯಿಸುತ್ತದೆ. ಈಗ 28 ಮಿಲಿಮೀಟರಿನ ಟೈರಿಗೆ ಕಡಿಮೆ ಗಾಳಿ ಹಾಕಿ ವೃತ್ತಿಪರರೂ ರೇಸ್ ಮಾಡುತ್ತಾರೆ. ಹಳೆಯ ಫ್ರೇಮಿಗೆ ಇಲ್ಲಿ ಒಂದು ಮಿತಿಯುಂಟು: ಬ್ರೇಕಿಗೂ ಚಕ್ರಕ್ಕೂ ನಡುವೆ ಎಷ್ಟು ಸಂದಿ ಇದೆಯೋ ಅಷ್ಟೇ ಅಗಲ ಹಿಡಿಯುತ್ತದೆ. ನಮ್ಮದರಲ್ಲಿ 25 ಕೂತಿತು, 28 ಕೂರಲಿಲ್ಲ.

ಗಾಳಿಯ ಪ್ರಶ್ನೆಗೆ ಬಂದರೆ ಹಳೆಯ ಸಾಮಗ್ರಿಯ ಪರ ವಾದಿಸುವುದು ಕಷ್ಟವಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ. ಸಾಮಗ್ರಿ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ಸೈಕ್ಲಿಂಗ್ ಚರಿತ್ರೆಯೇ ಒಂದು ಅಪರೂಪದ ಪ್ರಯೋಗವನ್ನು ಮಾಡಿಟ್ಟಿದೆ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಕ್ರಮಿಸಿ ದಾಖಲೆ ಮಾಡಿದರು. 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್, ತೋಳುಗಳನ್ನು ಮುಂದಕ್ಕೆ ಪೂರ್ತಿ ಚಾಚಿದ ಭಂಗಿಯಲ್ಲಿ, ಗಾಳಿ ಸೀಳುವಂತೆ ರೂಪಿಸಿದ ಸೈಕಲ್ಲಿನ ಮೇಲೆ 56.375 ಕಿ.ಮೀ. ಹೋದರು. ಆಮೇಲೆ ಯುಸಿಐ ನಿಯಮ ಬದಲಿಸಿ, ಮರ್ಕ್ಸ್ ಬಳಸಿದಂಥ ದುಂಡು ಕೊಳವೆ, ಕಡ್ಡಿಚಕ್ರ ಮತ್ತು ಬಾಗಿದ ಹ್ಯಾಂಡಲ್ಲಿನ ಸೈಕಲ್ಲಿನಲ್ಲಿ ಮಾಡಿದ್ದೇ ಅಧಿಕೃತ ದಾಖಲೆ ಎಂದು ಸಾರಿತು. 2000ದಲ್ಲಿ ಅದೇ ಬೋರ್ಡ್‌ಮನ್ ಅಂಥ ಸೈಕಲ್ಲನ್ನು ಹತ್ತಿ ತುಳಿದಾಗ ದಕ್ಕಿದ್ದು 49.441 ಕಿ.ಮೀ., ಮರ್ಕ್ಸ್ ಅವರಿಗಿಂತ ಬರೀ ಹತ್ತು ಮೀಟರ್ ಹೆಚ್ಚು. ಅಷ್ಟರಲ್ಲಿ ಅವರ ವಯಸ್ಸಿಗೆ ನಾಲ್ಕು ವರ್ಷ ಸೇರಿತ್ತು, ನಿವೃತ್ತಿ ಸಮೀಪಿಸಿತ್ತು. ಏಳು ಕಿಲೋಮೀಟರಿನ ಅಂತರವನ್ನೆಲ್ಲ ಸಾಮಗ್ರಿಯ ತಲೆಗೆ ಕಟ್ಟುವುದು ತಪ್ಪು. ಆದರೂ ಘನದ ನಿಯಮವನ್ನು ಅನ್ವಯಿಸಿದರೆ, ಹಳೆಯ ಭಂಗಿ ಮತ್ತು ಹಳೆಯ ಸೈಕಲ್ಲಿನಲ್ಲೇ 56 ಕಿ.ಮೀ. ಮುಟ್ಟಲು ಅವರ ಕಾಲುಗಳು ಹೆಚ್ಚುಕಡಿಮೆ ಒಂದೂವರೆ ಪಟ್ಟು ಶಕ್ತಿ ಕೊಡಬೇಕಾಗುತ್ತಿತ್ತು. ಮನುಷ್ಯನ ದೇಹ ನಾಲ್ಕು ವರ್ಷಗಳಲ್ಲಿ ಅಷ್ಟು ಇಳಿಯುವುದಿಲ್ಲ.

ಆದರೆ ಈ ಪ್ರಯೋಗದಲ್ಲಿ ಸೈಕಲ್ಲಿನ ಜೊತೆಗೆ ಭಂಗಿಯೂ ಬದಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಗಾಳಿಗೆ ಎದುರಾಗುವ ಒಟ್ಟು ತಡೆಯಲ್ಲಿ ಮುಕ್ಕಾಲು ಪಾಲು ಸವಾರನ ಮೈಯದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನು ಮೊಣಕೈ ಬಗ್ಗಿಸಿ, ಬೆನ್ನು ತಗ್ಗಿಸಿ ತನ್ನ ತಡೆಯ ಪ್ರಮಾಣವನ್ನು (ಗಾಳಿಗೆ ಒಡ್ಡಿದ ವಿಸ್ತೀರ್ಣವನ್ನೂ ಆಕಾರವನ್ನೂ ಕೂಡಿಸಿ ಅಳೆಯುವ ಸಂಖ್ಯೆ) 0.32 ಚದರ ಮೀಟರಿನಿಂದ 0.28ಕ್ಕೆ ಇಳಿಸಿಕೊಂಡರೆ ಮೂವತ್ತಕ್ಕೂ ಹೆಚ್ಚು ವ್ಯಾಟ್ ಉಳಿಯುತ್ತದೆ, ಅದಕ್ಕೆ ಖರ್ಚೇನೂ ಇಲ್ಲ. 1989ರಲ್ಲಿ, ಸುಮಾರು ಮೂರು ವಾರ ನಡೆಯುವ ಟೂರ್ ಡಿ ಫ್ರಾನ್ಸ್ ರೇಸಿನ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ ಮುಂಚಾಚಿದ ಹ್ಯಾಂಡಲ್ ಹಿಡಿದು 24.5 ಕಿ.ಮೀ. ಓಡಿ, ಇಡೀ ಟೂರನ್ನು ಲೊರಾಂ ಫಿನ್ಯೋನ್ ಅವರಿಂದ ಎಂಟೇ ಸೆಕೆಂಡಿನಲ್ಲಿ ಕಸಿದುಕೊಂಡರು. ಅಂಥ ಹ್ಯಾಂಡಲ್ಲನ್ನು ಹಳೆಯ ಸೈಕಲ್ಲಿಗೂ ಬಿಗಿಯಬಹುದು. ಇನ್ನು ಗುಂಪಿನಲ್ಲಿ ಓಡುವ ರೇಸಿನಲ್ಲಿ, ಮುಂದಿನವರ ಮರೆಯಲ್ಲಿ ಹೋಗುವವನಿಗೆ ಗಾಳಿಯ ಹೊರೆ ಮೂರನೇ ಒಂದು ಪಾಲಿನಷ್ಟು ತಗ್ಗುವುದರಿಂದ, ದುಂಡು ಕೊಳವೆಯ ನಷ್ಟವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಒಬ್ಬನೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್ಲಿಗೆ ಮಾತ್ರ ಆ ಸೈಕಲ್ಲನ್ನು ಒಯ್ಯಬೇಡವೆಂದು ಹುಡುಗನಿಗೆ ಸ್ಪಷ್ಟವಾಗಿಯೇ ಹೇಳಿದೆ.

ಗೇರಿನ ಸಮಸ್ಯೆ ನಮ್ಮ ಊರಿನದೇ ಸಮಸ್ಯೆ. ಆ ಕಾಲದ ರೇಸ್ ಸೈಕಲ್ಲಿನ ಅತಿ ಹಗುರ ಗೇರು ಎಂದರೆ ಮುಂದೆ 42 ಹಲ್ಲು, ಹಿಂದೆ 23. ಘಾಟಿಯ ಏರು ಶೇ. 10 ಆದಾಗ ಅದೇ 240 ವ್ಯಾಟಿಗೆ ವೇಗ ಗಂಟೆಗೆ 12 ಕಿ.ಮೀ.ಗೆ ಇಳಿಯುತ್ತದೆ, ಪೆಡಲ್ಲು ನಿಮಿಷಕ್ಕೆ 52 ಸುತ್ತಷ್ಟೇ ತಿರುಗುತ್ತದೆ. ಭತ್ತದ ಮೂಟೆ ಹೊತ್ತು ಅಟ್ಟದ ಮೆಟ್ಟಿಲು ಹತ್ತಿದಂತೆ. ಈಗಿನ 34ಕ್ಕೆ 30ರ ಗೇರಿನಲ್ಲಿ ಅದೇ ವೇಗಕ್ಕೆ 84 ಸುತ್ತು. ಹಿಂದಿನ ಹಲ್ಲುಚಕ್ರವನ್ನು ದೊಡ್ಡದು ಮಾಡಬಹುದು, ಆದರೆ ಅಂದಿನ ಗೇರ್ ಯಂತ್ರಗಳು ಸಾಮಾನ್ಯವಾಗಿ 26 ಅಥವಾ 28 ಹಲ್ಲಿಗೆ ಕೈಚೆಲ್ಲುತ್ತವೆ. ಲಿವರಿನದು ಇನ್ನೊಂದು ಕಥೆ. 1990ರಲ್ಲಿ ಶಿಮಾನೋ ಕಂಪನಿ ಬ್ರೇಕ್ ಲಿವರಿನೊಳಗೇ ಗೇರು ಬದಲಿಸುವ ವ್ಯವಸ್ಥೆ ತಂದ ಮೇಲೆ ಪೆಡಲ್ಲಿನ ಮೇಲೆ ನಿಂತುಕೊಂಡೇ ಗೇರು ಬದಲಿಸುವುದು ಸಾಧ್ಯವಾಯಿತು. ತಿರುವಿನಲ್ಲಿ ಎದುರಾಳಿ ಥಟ್ಟನೆ ಎದ್ದು ಓಡಿದಾಗ ಹಳೆಯ ಸೈಕಲ್ಲಿನವನು ಕುಳಿತು, ಒಂದು ಕೈ ಬಿಟ್ಟು, ಓರೆ ಕೊಳವೆಯತ್ತ ಬಾಗಬೇಕು. ಆ ಎರಡು ಸೆಕೆಂಡು ಯಾವ ಲೆಕ್ಕದಲ್ಲೂ ಕಾಣಿಸದ ನಷ್ಟ.

ಬ್ರೇಕಿನ ವಿಷಯದಲ್ಲಿ ಋತುವನ್ನು ನೋಡಿ ಉತ್ತರಿಸಬೇಕು. ರಿಮ್ಮನ್ನು ಹಿಡಿಯುವ ಬ್ರೇಕು ಕೆಲಸಕ್ಕೆ ಬಾರದ್ದಲ್ಲ. 2020ರಲ್ಲಿ ಸ್ಲೊವೇನಿಯಾದ ತಾದೇಯ್ ಪೊಗಾಚಾರ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಅಂಥ ಬ್ರೇಕಿನ ಸೈಕಲ್ಲಿನಲ್ಲೇ. ಏರುವಾಗ ಗಳಿಸಿದ ಮೂರೂವರೆ ಲಕ್ಷ ಜೂಲ್, ಅಂದರೆ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಬಲ್ಲ ಶಕ್ತಿ, ಇಳಿಯುವಾಗ ಗಾಳಿಗೂ ಬ್ರೇಕಿಗೂ ಹಂಚಿಹೋಗಿ ಶಾಖವಾಗಬೇಕು. ಹಳೆಯ ಅಲ್ಯುಮಿನಿಯಂ ರಿಮ್ಮು ಆ ಶಾಖವನ್ನು ಕಾರ್ಬನ್ ರಿಮ್ಮಿಗಿಂತ ಚೆನ್ನಾಗಿಯೇ ಹೊರಹಾಕುತ್ತದೆ. ಆದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಬ್ರೇಕ್ ಹಿಡಿದರೆ, ರಬ್ಬರು ಮೊದಲು ರಿಮ್ಮಿನ ನೀರನ್ನು ಒರೆಸಬೇಕು, ಆಮೇಲಷ್ಟೇ ಕಚ್ಚಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರ ಐದು ಸುತ್ತು ತಿರುಗುವಷ್ಟರಲ್ಲಿ ಹತ್ತು ಮೀಟರ್ ಸರಿದುಹೋಗಿರುತ್ತದೆ. ಜೊತೆಗೆ ಜಂಬಿಟ್ಟಿಗೆ ಮಣ್ಣಿನ ಕೆಸರು ರಿಮ್ಮಿನ ಗೋಡೆಯನ್ನು ಉಪ್ಪುಕಾಗದದಂತೆ ತೇಯುತ್ತದೆ. ಡಿಸ್ಕ್ ಬ್ರೇಕಿನ ಬಿಲ್ಲೆ ರಸ್ತೆಯ ನೀರಿನಿಂದ ಮೇಲಿರುವುದರಿಂದ ಅದಕ್ಕೆ ಈ ಕಾಟ ಬಹಳ ಕಡಿಮೆ.

ವೇಗದ ಲೆಕ್ಕಗಳಿಗಿಂತ ಮುಖ್ಯವಾದ, ಆದರೆ ಕಣ್ಣಿಗೆ ಬೀಳದ ವಿಚಾರ ಲೋಹದ ಆಯಾಸ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳು ಏಕೆ ತುಂಡಾಗುತ್ತವೆಂದು ಪರೀಕ್ಷಿಸುತ್ತ, ಒಮ್ಮೆಗೇ ಮುರಿಯಲಾರದಷ್ಟು ಸಣ್ಣ ಹೊರೆಯೂ ಲಕ್ಷಾಂತರ ಬಾರಿ ಮರಳಿ ಬಿದ್ದರೆ ಲೋಹವನ್ನು ಸೀಳುತ್ತದೆಂದು ತೋರಿಸಿದರು. ಉಕ್ಕಿಗೆ ಒಂದು ಸಹನೆಯ ಮಿತಿಯಿದೆ. ಹೊರೆ ಅದಕ್ಕಿಂತ ಕೆಳಗಿದ್ದರೆ ಎಷ್ಟು ಸಲ ಬಾಗಿದರೂ ಅದು ತಾಳಿಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಮಿತಿಯಿಲ್ಲ, ಪ್ರತಿಯೊಂದು ಬಾಗುವಿಕೆಯೂ ಅದರ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತದೆ. ನಿಮಿಷಕ್ಕೆ 90 ಸುತ್ತಿನಂತೆ ವರ್ಷಕ್ಕೆ ಇನ್ನೂರು ಗಂಟೆ ತುಳಿದರೆ ಹತ್ತು ಲಕ್ಷಕ್ಕೂ ಮಿಕ್ಕಿ ಪೆಡಲ್ ಸುತ್ತುಗಳಾಗುತ್ತವೆ. ಹಾಗಾಗಿ ನಲವತ್ತು ವರ್ಷದ ಉಕ್ಕಿನ ಫ್ರೇಮನ್ನು ನಂಬಬಹುದು, ಅದೇ ವಯಸ್ಸಿನ ಅಲ್ಯುಮಿನಿಯಂ ಹ್ಯಾಂಡಲ್ಲನ್ನು ನಂಬಬಾರದು. ಮಲೆನಾಡಿನಲ್ಲಿ ಉಕ್ಕಿಗೂ ಒಂದು ಷರತ್ತುಂಟು: ತುಕ್ಕು ಹಿಡಿದ ಉಕ್ಕು ತನ್ನ ಸಹನೆಯ ಮಿತಿಯನ್ನು ಕಳೆದುಕೊಳ್ಳುತ್ತದೆ, ಮತ್ತು ನಮ್ಮ ಮಳೆ ಕೊಳವೆಗಳ ಒಳಗಿನಿಂದ ಕೆಲಸ ಮಾಡುತ್ತದೆ.

ಸೀಟಿನ ಕಂಬ ಎಳೆದು ಟಾರ್ಚ್ ಹಾಕಿ ನೋಡಿದಾಗ ಕೊಳವೆಯ ಒಳಗೆ ತೆಳುವಾದ ಕಂದು ಪದರವಿತ್ತು, ಗುಳಿಗಳಿರಲಿಲ್ಲ. ಹ್ಯಾಂಡಲ್ಲಿನ ಟೇಪು ಬಿಚ್ಚಿದಾಗ ಮಾತ್ರ ಹಳೆಯ ಬೆವರು ಅಲ್ಯುಮಿನಿಯಂ ತಿಂದು ಬಿಟ್ಟ ಬಿಳಿ ಪುಡಿ ಉದುರಿತು, ನಡುವೆ ಬಿಗಿದ ಜಾಗದ ಪಕ್ಕದಲ್ಲಿ ಉಗುರಿಗೆ ಸಿಗುವಂಥ ಒಂದು ಗೆರೆ ಕಂಡಿತು. ಹೊಸ ಹ್ಯಾಂಡಲ್ಲುಗಳ ನಡುಭಾಗ 31.8 ಮಿಲಿಮೀಟರ್, ಹ್ಯಾಂಡಲ್ಲನ್ನು ಬಿಗಿಹಿಡಿಯುವ ನಮ್ಮ ಹಳೆಯ ಹಿಡಿಕೆ 26ರದ್ದು. ಎರಡನ್ನೂ ಬದಲಿಸಿ, ಫೋರ್ಕಿನ 22.2 ಮಿಲಿಮೀಟರ್ ತೂತಿಗೆ ಕೂರುವ ಜೋಡಣೆಯನ್ನು ಬೆಂಗಳೂರಿನಿಂದ ತರಿಸಬೇಕಾಯಿತು. ಬ್ರೇಕ್ ರಬ್ಬರು, ಕೇಬಲ್ಲು, ಚೈನು, ಟೈರು ಹೊಸವು. ಹಿಂದಿನ ದೊಡ್ಡ ಹಲ್ಲುಚಕ್ರ 28ರದ್ದು. ಫ್ರೇಮು ಹಾಗೆಯೇ ಇದೆ. ಮಳೆ ನಿಂತ ಮೇಲೆ ಒಂದು ಭಾನುವಾರ ಸೋಮೇಶ್ವರದಿಂದ ಅವನು ಹೊರಡುವುದು, ಆಗುಂಬೆಯ ತುದಿಯಲ್ಲಿ ಗಡಿಯಾರ ಹಿಡಿದು ನಾನು ನಿಲ್ಲುವುದು ಎಂದು ಮಾತಾಗಿದೆ.